ನೊರ್ರೋನ್ ಎಂಬ ಶಬ್ದದ ವಿಚಾರ

ಉತ್ತರ ಯೂರೋಪಿನ ಪುರಾಣಕಥೆಗಳು ನಮ್ಮ ಭಾಷೆಗೆ ಇಂಗ್ಲಿಷಿನ ಮಾರ್ಗವಾಗಿ ಬಂದಿವೆ. ಓದಿನ್, ಥೋರ್, ಬಾಲ್ಡರ್ ಮೊದಲಾದ ದೇವತೆಗಳ ವೃತ್ತಾಂತವನ್ನು ಹೇಳುವವರು ಇಂಗ್ಲಿಷಿನ "ನಾರ್ಸ್" ಎಂಬ ವಿಶೇಷಣವನ್ನು ಕೆಲವೆಡೆ ಹಾಗೆಯೇ ಉಳಿಸಿಕೊಳ್ಳುತ್ತಾರೆ. ಕೆಲವೆಡೆ "ನಾರ್ವೆ ದೇಶದ" ಎಂದು ಕನ್ನಡಿಸುತ್ತಾರೆ. ನಾನೂ ಹಾಗೆ ಕನ್ನಡಿಸಿದವನೇ. ಹಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳ ಮುಂದೆ ಎಡ್ಡಾ ಕಾವ್ಯಗಳ ವಿಚಾರವಾಗಿ ಮಾತನಾಡುತ್ತ, ಅವು ನಾರ್ವೆ ದೇಶದ ಪ್ರಾಚೀನ ಕಾವ್ಯಗಳೆಂದು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗನು ಎದ್ದು, "ಅವುಗಳನ್ನು ಬರೆದಿಟ್ಟದ್ದು ಐಸ್ಲೆಂಡಿನಲ್ಲಿ ಅಲ್ಲವೆ, ಸ್ವಾಮಿ?" ಎಂದು ಕೇಳಿದನು. "ಎರಡೂ ಒಂದೇ" ಎಂದುಬಿಟ್ಟೆನು. ಹುಡುಗನು ಕುಳಿತುಕೊಂಡನು, ನನ್ನ ಉತ್ತರ ಮಾತ್ರ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ನಿಂತುಹೋಯಿತು.

ಆ ಪ್ರಶ್ನೆಯ ಮೂಲವನ್ನು ಹುಡುಕುತ್ತ ಹೋದರೆ ನಾವು ಮುಟ್ಟುವುದು ನಾರ್ವೆಯವರ ಹಳೆಯದೊಂದು ವಿಶೇಷಣವನ್ನು. ಅದೇ "ನೊರ್ರೋನ್". ಈ ಶಬ್ದದ ಎರಡನೆಯ ಸ್ವರವು ನಮ್ಮ ಓಕಾರಕ್ಕೂ ಏಕಾರಕ್ಕೂ ನಡುವಣದು. ತುಟಿಯನ್ನು ಓಕಾರಕ್ಕೆ ಮಡಿಸಿಟ್ಟು ನಾಲಗೆಯಲ್ಲಿ ಏಕಾರವನ್ನು ಉಚ್ಚರಿಸಿದರೆ ಅದು ಬರುತ್ತದೆ. ನಮ್ಮ ಲಿಪಿಯಲ್ಲಿ ಅದಕ್ಕೆ ತಕ್ಕ ಅಕ್ಷರವಿಲ್ಲವಾದಕಾರಣ ಓಕಾರದಿಂದಲೇ ಬರೆಯುತ್ತೇನೆ, ಪ್ರಾಜ್ಞರು ಸೈರಿಸಬೇಕು. ಹಿಂದಿನ ಗ್ರಂಥಗಳಲ್ಲಿ ನಾರ್ವೆ ದೇಶದವನಿಗೆ ಸಲ್ಲುತ್ತಿದ್ದ ವಿಶೇಷಣ ಇದು. ಈಗ ಆ ಸ್ಥಾನದಲ್ಲಿರುವುದು "ನೊರ್ಸ್ಕ್" ಎಂಬ ಬೇರೆ ಶಬ್ದ. ನೊರ್ರೋನ್ ಎಂದರೆ ಈಗಿನ ನಾರ್ವೆಯಲ್ಲಿ ಹಳೆಯ ಕಾಲದ ಭಾಷೆ, ಪುರಾಣ, ಸಾಹಿತ್ಯ ಇಷ್ಟೇ. ಬದುಕಿರುವ ಮನುಷ್ಯನ ದೇಶವನ್ನು ಹೇಳುವುದಕ್ಕೆ ಅದು ಸಲ್ಲದು. ಈ ಶಬ್ದವು ಹೇಗೆ ಹುಟ್ಟಿತು, ಯಾರಿಗೆ ಸಂದಿತು, ಹೇಗೆ ಸತ್ತಿತು, ಸತ್ತ ಮೇಲೆ ಅದರ ಉತ್ತರಾಧಿಕಾರಕ್ಕಾಗಿ ಪಂಡಿತರು ಹೇಗೆ ಜಗಳವಾಡಿದರು, ಆ ಜಗಳದಲ್ಲಿ ನ್ಯಾಯವು ಯಾರ ಕಡೆಗಿದೆ ಎಂಬುದು ಪ್ರಕೃತ ವಿಷಯ.

ಮೊದಲು ವ್ಯುತ್ಪತ್ತಿ. "ನೊರ್ಥ್" ಎಂದರೆ ಬಡಗು ದಿಕ್ಕು. ಅದರ ಮೇಲೆ "ರೋನ್" ಎಂಬ ಪ್ರತ್ಯಯವು ಬಂದು, ನಡುವಣ ಥಕಾರಸದೃಶವಾದ ವರ್ಣವು ಮುಂದಿನ ರೇಫದಲ್ಲಿ ಲೀನವಾಗಿ ದ್ವಿತ್ವವುಂಟಾಗಿ ನೊರ್ರೋನ್ ಎಂದಾಯಿತು. ಈ ಪ್ರತ್ಯಯವು ದಿಗ್ವಾಚಕಗಳ ಮೇಲೆ ಮಾತ್ರ ಬರತಕ್ಕದ್ದು. ಮೂಡಣದವನು "ಔಸ್ಟ್ರೋನ್", ತೆಂಕಣದವನು "ಸುಥ್ರೋನ್", ಪಡುವಣದವನು "ವೆಸ್ಟ್ರೋನ್". ಇಂಗ್ಲಿಷಿನ "ನಾರ್ದರ್ನ್" ಎಂಬುದರ ಕೊನೆಯ ಭಾಗವೂ ಇದೇ ಪ್ರತ್ಯಯದ ಸೋದರರೂಪ. ಆದುದರಿಂದ ಶಬ್ದವು ಮೊದಲಿಗೆ ಹೇಳಿದ್ದು ಬಡಗಣದ್ದು ಎಂಬಿಷ್ಟನ್ನೇ. ಇದಕ್ಕೆ ಒಳ್ಳೆಯ ಸಾಕ್ಷಿಯೆಂದರೆ "ನೊರ್ರೋನಾ" ಎಂಬ ಸ್ತ್ರೀಲಿಂಗ ರೂಪ. ಅದಕ್ಕೆ ನಿಘಂಟಿನಲ್ಲಿ ಎರಡು ಅರ್ಥ: ಬಡಗಣ ಗಾಳಿ ಎಂದೊಂದು, ನೊರ್ರೋನ್ ಜನರ ಭಾಷೆ ಎಂದಿನ್ನೊಂದು. ಸಮುದ್ರದ ಮೇಲೆ ಬಾಳಿದ ಜನರಲ್ಲಿ ಗಾಳಿಗೂ ನುಡಿಗೂ ಒಂದೇ ಹೆಸರು ನಿಂತದ್ದು ನೋಡಿ ಸಂತೋಷಪಡತಕ್ಕದ್ದು.

ಸಂಸ್ಕೃತ ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ದಾಕ್ಷಿಣಾತ್ಯ, ಪಾಶ್ಚಾತ್ಯ, ಪೌರಸ್ತ್ಯ ಎಂಬಲ್ಲಿಯ ಪ್ರತ್ಯಯವನ್ನು ಪಾಣಿನಿಯು ಆ ಮೂರು ಶಬ್ದಗಳಿಗಾಗಿಯೇ ಪ್ರತ್ಯೇಕವಾಗಿ ವಿಧಿಸಿದ್ದಾನೆ. ಪ್ರಾಚ್ಯ, ಉದೀಚ್ಯ, ಪ್ರತೀಚ್ಯಗಳಿಗೆ ಬೇರೊಂದು ಸೂತ್ರವುಂಟು. ದಿಕ್ಕಿನ ಹೆಸರು ದೇಶದ ಹೆಸರಿನಂತಲ್ಲ, ಅದಕ್ಕೆ ಬೇರೆ ಪ್ರಕ್ರಿಯೆ ಬೇಕು ಎಂಬ ಎಚ್ಚರವು ಆ ಉತ್ತರದ ಭಾಷೆಯಲ್ಲಿಯೂ ಇತ್ತೆಂಬುದು ಗಮನಾರ್ಹ.

ಹಾಗಾದರೆ ಒಂದು ದೇಶದ ಜನರಿಗೆ ದಿಕ್ಕಿನಿಂದ ಹೆಸರು ಬಂದುದೇಕೆ? ನೆರೆಹೊರೆಯವರನ್ನು ನೋಡಿದರೆ ಕಾರಣ ತಿಳಿಯುತ್ತದೆ. ಡೇನರೆಂಬುದು ಕುಲದ ಹೆಸರು, ಅದರಿಂದ "ಡಾನ್ಸ್ಕ್". ಸ್ವೀಯರೆಂಬುದು ಕುಲದ ಹೆಸರು, ಅದರಿಂದ "ಸ್ವೆನ್ಸ್ಕ್". ನಾರ್ವೆಯಲ್ಲಿ ಇಡೀ ದೇಶವನ್ನು ಆವರಿಸುವಂತಹ ಕುಲನಾಮವಿರಲಿಲ್ಲ. ಆ ದೇಶದ ಹೆಸರೇ "ಬಡಗಣ ದಾರಿ" ಎಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಕರಾವಳಿಯುದ್ದಕ್ಕೂ ಹಡಗುಗಳು ಸಾಗುವ ಮಾರ್ಗವದು. ಇಕ್ಕಟ್ಟಾದ ಜಲಮಾರ್ಗವೆಂಬ ಅರ್ಥದ ಇನ್ನೊಂದು ಶಬ್ದದಿಂದ ದೇಶನಾಮವನ್ನು ಸಾಧಿಸುವವರೂ ಇದ್ದಾರೆ. ಅಂತು ಜನರ ಹೆಸರಿಗಿಂತ ಮೊದಲು ದಾರಿಯ ಹೆಸರಿತ್ತು. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಓಟರ್ ಎಂಬ ನಾವಿಕನು ಇಂಗ್ಲೆಂಡಿನ ಆಲ್ಫ್ರೆಡ್ ರಾಜನ ಮುಂದೆ ನಿಂತು, ಬಡಗಣ ಜನರೆಲ್ಲರಲ್ಲಿ ತಾನೇ ಎಲ್ಲರಿಗಿಂತ ಬಡಗಲಾಗಿ ವಾಸಿಸುವವನೆಂದು ತನ್ನ ಪರಿಚಯವನ್ನು ಹೇಳಿಕೊಂಡನು. ಅವನ ವರದಿಯು ಹಳೆಯ ಇಂಗ್ಲಿಷಿನ ಓರೋಸಿಯಸ್ ಗ್ರಂಥದಲ್ಲಿ ಸೇರಿ ಉಳಿದಿದೆ. ಅವನು ತನ್ನನ್ನು ಹೇಳಿಕೊಂಡದ್ದು ದಿಕ್ಕಿನಿಂದಲೇ.

ಇನ್ನು ಪ್ರಯೋಗ. ಇಲ್ಲಿಯೇ ವಿಷಯದ ಸಾರವಿರುವುದರಿಂದ ಸ್ವಲ್ಪ ನಿಲ್ಲೋಣ.

ಐಸ್ಲೆಂಡಿನ ಮೊದಲ ಇತಿಹಾಸಕಾರ ಆರಿ ಥೋರ್ಗಿಲ್ಸನ್ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಬರೆದ ಚಿಕ್ಕ ಗ್ರಂಥದಲ್ಲಿ, ಆ ದ್ವೀಪದಲ್ಲಿ ಮೊದಲು ನೆಲೆಯೂರಿದ ಇಂಗೋಲ್ಫನನ್ನು ನೊರ್ರೋನ್ ಮನುಷ್ಯನೆಂದು ಪರಿಚಯಮಾಡಿಕೊಡುತ್ತಾನೆ. ಇಂಗೋಲ್ಫನು ನಾರ್ವೆಯಿಂದ ಹೊರಟು ಬಂದವನು. ಆದರೆ ಐಸ್ಲೆಂಡಿನವರ ಮೂಲಪುರುಷರಲ್ಲಿ ಒಬ್ಬನು. ಹೀಗೆ ಐಸ್ಲೆಂಡಿನವನ ವಂಶಕಥನದ ಮೊದಲ ಪುಟದಲ್ಲಿಯೇ ಈ ವಿಶೇಷಣವು ಗೌರವದ ಸ್ಥಾನದಲ್ಲಿ ಕುಳಿತಿದೆ. ಇದಕ್ಕೆ ತೀರ ವಿರುದ್ಧವಾಗಿ ತೋರುವ ಪ್ರಯೋಗವು ಅದೇ ದ್ವೀಪದ ಹಳೆಯ ಧರ್ಮಶಾಸ್ತ್ರವಾದ ಗ್ರಾಗಾಸ್‌ನಲ್ಲಿದೆ. ಹೊರದೇಶದವನು ಐಸ್ಲೆಂಡಿನಲ್ಲಿ ಕೊಲೆಯಾದರೆ ವ್ಯಾಜ್ಯಹೂಡುವ ಅಧಿಕಾರ ಯಾರಿಗೆ ಎಂಬ ಪ್ರಕರಣದಲ್ಲಿ, ಹೊರದೇಶದವರ ಪೈಕಿ ಡೇನರು, ಸ್ವೀಡಿಷರು, ನೊರ್ರೋನರು ಈ ಮೂವರಿಗೆ ಒಂದು ನಿಯಮ, ಉಳಿದವರಿಗೆ ಬೇರೆ ನಿಯಮ. ಈ ಮೂವರ ರಾಜ್ಯಗಳಲ್ಲಿ ನಡೆಯುವುದು ನಮ್ಮ ನುಡಿಯೇ ಎಂಬುದು ಅಲ್ಲಿ ಹೇಳಿರುವ ಲಕ್ಷಣ. ಅಂದರೆ ನೊರ್ರೋನನು ನುಡಿಯಲ್ಲಿ ನಮ್ಮವನು, ನ್ಯಾಯಸ್ಥಾನದಲ್ಲಿ ಪರದೇಶಿ!

ಇಷ್ಟಕ್ಕೇ ಮುಗಿಯಲಿಲ್ಲ. ಐಸ್ಲೆಂಡಿನ ಸಾಗಾಗಳಲ್ಲಿ ನಾರ್ವೆಯಿಂದ ಬಂದ ವರ್ತಕನಿಗೆ "ಔಸ್ಟ್‌ಮನ್", ಎಂದರೆ ಮೂಡಣದವನು, ಎಂಬ ಹೆಸರೂ ಉಂಟು. ಐಸ್ಲೆಂಡಿನಿಂದ ನೋಡಿದರೆ ನಾರ್ವೆಯಿರುವುದು ಮೂಡಣಕ್ಕೆ. ಒಬ್ಬನೇ ಮನುಷ್ಯನು ಯೂರೋಪಿನ ನಡುವಿನಿಂದ ನೋಡಿದವರಿಗೆ ಬಡಗಣದವನು, ಐಸ್ಲೆಂಡಿನ ದಂಡೆಯಿಂದ ನೋಡಿದವರಿಗೆ ಮೂಡಣದವನು. ಆದರೂ ಐಸ್ಲೆಂಡಿನವನು ಅವನನ್ನು ನೊರ್ರೋನ್ ಎಂದೂ ಕರೆಯುತ್ತಿದ್ದನಾದುದರಿಂದ, ಆ ವೇಳೆಗಾಗಲೇ ಶಬ್ದವು ದಿಕ್ಕಿನ ಅರ್ಥವನ್ನು ಬಿಟ್ಟು ದೇಶದಲ್ಲಿ ರೂಢವಾಗಿತ್ತೆಂದು ತಿಳಿಯಬೇಕು. ಯೋಗಾರ್ಥವನ್ನು ರೂಢ್ಯರ್ಥವು ನುಂಗಿತು ಎಂಬುದಕ್ಕೆ ಇದಕ್ಕಿಂತ ಸ್ಫುಟವಾದ ಉದಾಹರಣೆ ನನಗೆ ತೋರದು.

ಇಂಗೋಲ್ಫನೂ ನೊರ್ರೋನ್, ಪರದೇಶಿಯೂ ನೊರ್ರೋನ್ ಎಂಬ ವಿರೋಧಕ್ಕೆ ಪರಿಹಾರವೇನು? ಪಾಣಿನಿಯ ನಾಲ್ಕನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಒಂದರ ಪಕ್ಕದಲ್ಲಿಯೇ ಇರುವ ಎರಡು ಸೂತ್ರಗಳನ್ನು ನೆನೆಯಬೇಕು. ಒಂದು ಸೂತ್ರವು ನಿವಾಸವೆಂಬ ಅರ್ಥದಲ್ಲಿ ದೇಶವಾಚಕದ ಮೇಲೆ ಪ್ರತ್ಯಯವನ್ನು ವಿಧಿಸುತ್ತದೆ. ಮುಂದಿನದು ಅಭಿಜನವೆಂಬ ಅರ್ಥದಲ್ಲಿ. ಈಗ ಎಲ್ಲಿ ವಾಸವೋ ಅದು ನಿವಾಸ. ಪೂರ್ವಜರು ಎಲ್ಲಿ ವಾಸಿಸಿದ್ದರೋ ಅದು ಅಭಿಜನ ಎಂದು ಭಾಷ್ಯಕಾರರು ಭೇದವನ್ನು ಬಿಡಿಸಿ ಹೇಳಿದ್ದಾರೆ. ಸ್ರುಘ್ನದಲ್ಲಿ ಈಗ ವಾಸಿಸುವವನೂ ಸ್ರೌಘ್ನನೇ, ಅಜ್ಜಂದಿರು ಸ್ರುಘ್ನದಲ್ಲಿದ್ದು ತಾನು ಬೇರೆ ಊರಿನಲ್ಲಿರುವವನೂ ಸ್ರೌಘ್ನನೇ. ಪದರೂಪವು ಒಂದೇ ಆದುದರಿಂದ ರೂಪವನ್ನು ನೋಡಿ ಅರ್ಥವನ್ನು ನಿಶ್ಚಯಿಸಲಾಗದು, ಪ್ರಕರಣವೇ ಗತಿ. ಪಾಠಶಾಲೆಯಲ್ಲಿ ಇದನ್ನು ಓದುವಾಗ ಇಷ್ಟು ಸಣ್ಣ ಭೇದಕ್ಕೆ ಬೇರೊಂದು ಸೂತ್ರವೇಕೆ ಎಂದು ನಾನು ಬೇಸರಪಟ್ಟದ್ದುಂಟು. ನೊರ್ರೋನ್ ಶಬ್ದದ ಚರಿತ್ರೆಯನ್ನು ಓದಿದ ಮೇಲೆ ಆ ಬೇಸರ ಹೋಯಿತು. ಗ್ರಾಗಾಸ್‌ನಲ್ಲಿ ಶಬ್ದವು ನಿವಾಸಾರ್ಥದಲ್ಲಿದೆ. ಐಸ್ಲೆಂಡಿನವರ ವಂಶಕಥನದಲ್ಲಿ ಅದು ಅಭಿಜನವನ್ನು ಸೂಚಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಪಂಡಿತರ ಕಲಹವೆಲ್ಲ ಈ ಎರಡನ್ನು ಬೆರಸಿದುದರಿಂದ ಹುಟ್ಟಿತೆಂಬುದೇ ನನ್ನ ಪಕ್ಷ.

ಇವೆರಡರ ಜೊತೆಗೆ ಮೂರನೆಯ ಅರ್ಥವೊಂದು ಬಂದು ಸೇರಿತು. ಅದು ಭಾಷೆ. ಹಿಂದೆ ಆ ಉತ್ತರದ ಜನರೆಲ್ಲರ ಸಾಮಾನ್ಯ ನುಡಿಗೆ "ಡೇನರ ನಾಲಗೆ" ಎಂಬ ಹೆಸರಿತ್ತು. ಐಸ್ಲೆಂಡಿನ ಸ್ನೊರ್ರಿ ಸ್ಟುರ್ಲುಸನ್ ತನ್ನ ರಾಜಚರಿತ್ರೆಯ ಪೀಠಿಕೆಯಲ್ಲಿ ಆ ಹೆಸರನ್ನೇ ಬಳಸಿದ್ದಾನೆ. ಹದಿಮೂರನೆಯ ಶತಮಾನದಲ್ಲಿ ನಾರ್ವೆ ಐಸ್ಲೆಂಡುಗಳ ನುಡಿಗೆ ನೊರ್ರೋನಾ ಎಂಬ ಹೆಸರು ಬಲವಾಯಿತು. ನಾರ್ವೆಯ ಹಾಕೋನ್ ರಾಜನ ಅಪ್ಪಣೆಯಂತೆ ರಾಬರ್ಟನೆಂಬ ಸನ್ಯಾಸಿಯು ೧೨೨೬ರಲ್ಲಿ ಟ್ರಿಸ್ಟನ್ನನ ಪ್ರೇಮಕಥೆಯನ್ನು ಫ್ರೆಂಚಿನಿಂದ ನೊರ್ರೋನಾ ನುಡಿಗೆ ತಂದನೆಂದು ಆ ಕಥೆಯ ಆರಂಭದಲ್ಲಿ ಹೇಳಿದೆ. ಆ ಅನುವಾದದ ಪೂರ್ಣಪಾಠವು ಉಳಿದಿರುವುದು ನಾರ್ವೆಯಲ್ಲಲ್ಲ, ಐಸ್ಲೆಂಡಿನವರು ಬಹುಕಾಲದ ಮೇಲೆ ಮಾಡಿಕೊಂಡ ಕಾಗದದ ಪ್ರತಿಗಳಲ್ಲಿ.

ಸ್ಕಾಟ್ಲೆಂಡಿನ ಬಡಗಣ ದ್ವೀಪಗಳ ವಿಷಯವೂ ಹೀಗೆಯೇ. ಓರ್ಕ್ನಿ ಶೆಟ್ಲೆಂಡುಗಳನ್ನು ೧೪೬೮ ಮತ್ತು ೧೪೬೯ರಲ್ಲಿ ಒಂದನೆಯ ಕ್ರಿಶ್ಚಿಯನ್ ರಾಜನು ಮಗಳ ವರದಕ್ಷಿಣೆಗಾಗಿ ಸ್ಕಾಟ್ಲೆಂಡಿಗೆ ಒತ್ತೆಯಿಟ್ಟನು, ಒತ್ತೆಯು ಬಿಡಿಸಲ್ಪಡಲಿಲ್ಲ. ಆ ದ್ವೀಪಗಳ ನುಡಿಗೆ "ನೋರ್ನ್" ಎಂದು ಹೆಸರು. ಅದು ನೊರ್ರೋನ್ ಎಂಬುದರ ಸವೆದ ರೂಪವೇ. ೧೭೭೪ರಲ್ಲಿ ಜಾರ್ಜ್ ಲೋ ಎಂಬ ಪಾದ್ರಿಯು ಫೂಲಾ ದ್ವೀಪದಲ್ಲಿ ವಿಲಿಯಮ್ ಹೆನ್ರಿ ಎಂಬ ಮುದುಕನಿಂದ ಆ ನುಡಿಯ ಒಂದು ದೀರ್ಘವಾದ ಲಾವಣಿಯನ್ನು ತನಗೆ ಕೇಳಿಸಿದಂತೆ ಬರೆದುಕೊಂಡನು. ಭಾಷೆ ಅವನಿಗೆ ತಿಳಿಯದು. ೧೮೯೩ರಲ್ಲಿ ಫೆರೋ ದ್ವೀಪದ ಯಾಕೊಬ್ ಯಾಕೊಬ್ಸೆನ್ ಶೆಟ್ಲೆಂಡಿಗೆ ಹೋಗಿ ಸುಮಾರು ೧೦,೦೦೦ ಶಬ್ದಗಳನ್ನು ಕೂಡಿಸುವ ಕಾಲಕ್ಕೆ ನುಡಿಯು ಹೋಗಿ ಶಬ್ದಗಳು ಮಾತ್ರ ಉಳಿದಿದ್ದವು.

ಈಗ ನನಗೆ ಅತ್ಯಂತ ಆಶ್ಚರ್ಯಕರವಾಗಿ ತೋರಿದ ಸಂಗತಿಯನ್ನು ಹೇಳುತ್ತೇನೆ. ೧೫೪೦ರಲ್ಲಿ ಓಡ್ಡುರ್ ಗೊಟ್‌ಸ್ಕಾಲ್ಕ್ಸನ್ ಐಸ್ಲೆಂಡಿನವರಿಗಾಗಿ ಅನುವಾದಿಸಿದ ಹೊಸ ಒಡಂಬಡಿಕೆಯು ಅಚ್ಚಾಯಿತು. ೧೫೮೪ರಲ್ಲಿ ಬಿಷಪ್ ಗುಥ್ಬ್ರಾಂಡುರ್ ಹೋಲಾರ್ ಎಂಬಲ್ಲಿ ಸಮಗ್ರ ಬೈಬಲನ್ನು ಅಚ್ಚುಹಾಕಿಸಿದನು. ಈ ಎರಡು ಗ್ರಂಥಗಳ ಮುಖಪತ್ರದಲ್ಲಿಯೂ ಅನುವಾದದ ಭಾಷೆಯನ್ನು ಐಸ್ಲೆಂಡಿಕ್ ಎಂದು ಕರೆದಿಲ್ಲ. ನೊರ್ರೋನಾ ಎಂದೇ ಕರೆದಿದೆ. ಅದೇ ಕಾಲದಲ್ಲಿ ನಾರ್ವೆಯ ದೇವಾಲಯಗಳಲ್ಲಿ ಓದುತ್ತಿದ್ದುದು ೧೫೫೦ರಲ್ಲಿ ಅಚ್ಚಾದ ಡೇನಿಷ್ ಬೈಬಲನ್ನು. ನಾರ್ವೆಯು ೧೩೮೦ರಲ್ಲಿ ಡೆನ್ಮಾರ್ಕಿನೊಡನೆ ಒಬ್ಬನೇ ರಾಜನ ಕೆಳಗೆ ಬಂದು, ೧೫೩೬ರಲ್ಲಿ ತನ್ನ ರಾಜ್ಯಾಂಗವನ್ನೇ ಕಳೆದುಕೊಂಡಿತ್ತು. ಅದರ ಹಳೆಯ ಬರವಣಿಗೆಯ ಭಾಷೆಯೂ ಅಳಿಸಿಹೋಗಿತ್ತು. ಹೀಗೆ ಹದಿನಾರನೆಯ ಶತಮಾನದಲ್ಲಿ, ಯಾವ ದೇಶದ ಹೆಸರಿನಿಂದ ಭಾಷೆಗೆ ಹೆಸರು ಬಂದಿತೋ ಆ ದೇಶವು ಡೇನಿಷನ್ನು ಓದುತ್ತಿದ್ದಿತು. ಆ ಹೆಸರನ್ನು ಜೀವಂತವಾಗಿ ಕಾಪಾಡಿದ್ದು ಸಮುದ್ರದಾಚೆಯ ದ್ವೀಪ. ಅಭಿಜನದವರು ನಿವಾಸದವರಿಗಿಂತ ಹೆಚ್ಚು ಕಾಲ ಹೆಸರನ್ನು ಹೊತ್ತರು. ೧೬೫೧ರಲ್ಲಿ ರುನೋಲ್ಫುರ್ ಯೋನ್ಸನ್ ಬರೆದ ಲ್ಯಾಟಿನ್ ವ್ಯಾಕರಣದ ಹೆಸರಿನಲ್ಲಿ ಆ ಭಾಷೆಯು ಒಂದೆಡೆ ಅತಿಪ್ರಾಚೀನವಾದ ಉತ್ತರದ ಭಾಷೆ, ಇನ್ನೊಂದೆಡೆ ಐಸ್ಲೆಂಡಿಕ್. ಹೆಸರು ಬದಲಾಗುವ ಗಳಿಗೆಯನ್ನು ಅದರಲ್ಲಿ ಕಾಣಬಹುದು.

ನಾರ್ವೆಯಲ್ಲಿ ಅಷ್ಟರೊಳಗೆ ನೊರ್ರೋನ್ ಸತ್ತು ನೊರ್ಸ್ಕ್ ನಿಂತಿತು. ಡಾನ್ಸ್ಕ್, ಸ್ವೆನ್ಸ್ಕ್ ಎಂಬವುಗಳ ಪ್ರತ್ಯಯವೇ ಇದರಲ್ಲಿಯೂ ಇದೆ. ಬಡಗಣ ದಿಕ್ಕಿನವರು ಈಗ ನೆರೆಯವರಂತೆ ಒಂದು ಕುಲವಾದರೆಂಬ ಹಾಗೆ. (ಇಂಗ್ಲಿಷಿನವರು ಡಚ್ಚರ ಬಾಯಿಂದ ತೆಗೆದುಕೊಂಡ "ನಾರ್ಸ್" ಎಂಬುದೂ ಈ ನೊರ್ಸ್ಕ್‌ನ ಬಳಗಕ್ಕೆ ಸೇರಿದುದು, ನೊರ್ರೋನ್‌ನ ನೇರ ಸಂತಾನವಲ್ಲ. ಮ್ಯಾಕ್‌ಬೆತ್ ನಾಟಕವನ್ನು ಪಾಠ ಹೇಳುವವರಿಗೆ ಆರಂಭದ ದೃಶ್ಯಗಳಲ್ಲಿ ಬರುವ "ನಾರ್ವೇಯನ್" ಎಂಬ ವಿಶೇಷಣ ನೆನಪಿರಬಹುದು. ಇಂಗ್ಲಿಷಿನಲ್ಲಿ ಅದೂ ಹಳತಾಗಿ ಬಿದ್ದುಹೋಯಿತು. ಈ ಜನರ ಹೆಸರು ಯಾವ ಭಾಷೆಯಲ್ಲಿಯೂ ಸ್ಥಿರವಾಗಿ ನಿಲ್ಲಲಿಲ್ಲವೆಂದು ತೋರುತ್ತದೆ.)

೧೮೧೪ರಲ್ಲಿ ಕೀಲ್ ಒಪ್ಪಂದದಂತೆ ಡೆನ್ಮಾರ್ಕ್ ನಾರ್ವೆಯನ್ನು ಸ್ವೀಡನ್ನಿನ ರಾಜನಿಗೆ ಬಿಟ್ಟುಕೊಟ್ಟಿತು. ಆದರೆ ಐಸ್ಲೆಂಡ್, ಫೆರೋ, ಗ್ರೀನ್ಲೆಂಡುಗಳು ಹಿಂದೆ ನಾರ್ವೆಯ ರಾಜನಿಗೆ ಕಪ್ಪವೀಯುತ್ತಿದ್ದವಾದರೂ ಡೆನ್ಮಾರ್ಕಿನಲ್ಲಿಯೇ ಉಳಿದುವು. ಶಬ್ದದ ಜಗಳಕ್ಕೆ ಬೀಜ ಬಿದ್ದುದು ಇಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ತಿದ್ದಿದ ನಾರ್ವೆಯ ರಾಜ್ಯಾಂಗದಲ್ಲಿ ಸರ್ಕಾರದ ವ್ಯವಹಾರವು "ನೊರ್ಸ್ಕ್" ಭಾಷೆಯಲ್ಲಿ ನಡೆಯತಕ್ಕದ್ದೆಂದು ಬರೆದರು. ಸ್ವೀಡಿಷ್ ಒಳಗೆ ನುಗ್ಗಬಾರದೆಂಬುದು ಅದರ ಉದ್ದೇಶ; ಆದರೆ ಆಗ ನಾರ್ವೆಯಲ್ಲಿ ಬರೆಯುತ್ತಿದ್ದ ಭಾಷೆ ವಸ್ತುತಃ ಡೇನಿಷೇ. ಇಂತಿರಲು ನೊರ್ಸ್ಕ್ ಎಂಬ ಹೆಸರು ಡೇನಿಷಿನ ಮೇಲೆ ಹೋಗಿ ಕುಳಿತಿತು. ಪೂರ್ವಜರ ನಿಜವಾದ ನುಡಿಗೆ ಬೇರೆ ಹೆಸರು ಬೇಕಾಯಿತು. ಆ ಅವಸರದಲ್ಲಿ ವಿದ್ವಾಂಸರು ಹಳೆಯ ಗ್ರಂಥಗಳಿಂದ ನೊರ್ರೋನ್ ಎಂಬುದನ್ನು ಎತ್ತಿ ತಂದರು. ೧೮೪೭ರಲ್ಲಿ ಮುಂಕ್ ಮತ್ತು ಊಂಗರ್ ಎಂಬವರು ಪ್ರಕಟಿಸಿದ ವ್ಯಾಕರಣದ ಹೆಸರೇ "ಪ್ರಾಚೀನ ನೊರ್ಸ್ಕ್ ಅಥವಾ ನೊರ್ರೋನಾ ಭಾಷೆಯ ವ್ಯಾಕರಣ" ಎಂದು. ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ ೧೮೧೧ರಲ್ಲಿಯೇ ಅದೇ ಭಾಷೆಗೆ ವ್ಯಾಕರಣ ಬರೆದು ಅದನ್ನು "ಐಸ್ಲೆಂಡಿಕ್ ಅಥವಾ ಪ್ರಾಚೀನ ನೋರ್ಡಿಸ್ಕ್" ಎಂದು ಕರೆದಿದ್ದನು. ನೋರ್ಡಿಸ್ಕ್ ಎಂದರೆ ಉತ್ತರದೇಶಗಳೆಲ್ಲಕ್ಕೂ ಸಾಧಾರಣವಾದದ್ದು. ವ್ಯಾಕರಣ ಒಂದೇ, ಮುಖಪತ್ರಗಳು ಎರಡು. ಎರಡು ರಾಜ್ಯಗಳ ಅಭಿಮಾನ ಆ ಮುಖಪತ್ರಗಳಲ್ಲಿದೆ.

ಕಲಹವು ಬಹಿರಂಗವಾದದ್ದು ರುಡಾಲ್ಫ್ ಕೈಸರ್ ಎಂಬ ನಾರ್ವೆಯ ಇತಿಹಾಸಾಚಾರ್ಯರ ಮರಣಾನಂತರ. ಮಧ್ಯಯುಗದಲ್ಲಿ ನಾರ್ವೆಯವರ ವಿದ್ಯೆ ಮತ್ತು ಸಾಹಿತ್ಯ ಎಂಬ ಅವರ ಉಪನ್ಯಾಸಗಳು ೧೮೬೬ರಲ್ಲಿ ಅಚ್ಚಾದವು. ಅದರಲ್ಲಿ ಅವರು ಎಡ್ಡಾಕಾವ್ಯಗಳನ್ನೂ ಸಾಗಾಗಳನ್ನೂ ನಾರ್ವೆಯ ಸಾಹಿತ್ಯದಲ್ಲಿ ಸೇರಿಸಿದರು. ಅವರ ವಾದವು ಸ್ಥೂಲವಾಗಿ ಹೀಗೆ: ಸಾಗಾಗಳು ಬರಹವಾಗುವುದಕ್ಕೆ ಮೊದಲು ಬಾಯಿಂದ ಬಾಯಿಗೆ ಸಿದ್ಧರೂಪದಲ್ಲಿಯೇ ಬಂದವು, ಐಸ್ಲೆಂಡಿನವರು ಅವನ್ನು ನೆನಪಿನಲ್ಲಿಟ್ಟು ಬರೆದುಕೊಂಡವರು, ಭಾಷೆಗೆ ನೊರ್ರೋನಾ ಎಂಬ ಹೆಸರಿರುವುದೇ ಅದು ನಾರ್ವೆಯದೆಂಬುದಕ್ಕೆ ಸಾಕ್ಷಿ. ಡೆನ್ಮಾರ್ಕಿನ ಸ್ವೆಂಡ್ ಗ್ರುಂಟ್ವಿಗ್ ಮರುವರ್ಷವೇ ಇದಕ್ಕೆ ಉತ್ತರ ಬರೆದು, ತನ್ನ ಲೇಖನವು ವಿಮರ್ಶೆಯೂ ಹೌದು ಪ್ರತಿಭಟನೆಯೂ ಹೌದು ಎಂದು ಹೆಸರಿನಲ್ಲಿಯೇ ಸಾರಿದರು. ೧೮೬೯ರಲ್ಲಿ ಪುನಃ ಬರೆದರು. ಸಾಗಾಗಳು ಐಸ್ಲೆಂಡಿನವು, ಎಡ್ಡಾಕಾವ್ಯಗಳು ಉತ್ತರದ ಜನರೆಲ್ಲರವು, ನಾರ್ವೆಗೆ ಮಾತ್ರ ಮೀಸಲಾದುದು ಯಾವುದೂ ಇಲ್ಲ ಎಂಬುದು ಅವರ ನಿಲವು. ಇವರಿಬ್ಬರ ನಡುವೆ ಮ್ಯೂನಿಕ್ಕಿನ ನ್ಯಾಯಶಾಸ್ತ್ರಾಚಾರ್ಯ ಕೊನ್ರಾಡ್ ಮೌರರ್ ೧೮೬೭ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಪ್ರಾಚೀನ ನೋರ್ಡಿಸ್ಕ್, ಪ್ರಾಚೀನ ನಾರ್ವೇಜಿಯನ್, ಐಸ್ಲೆಂಡಿಕ್ ಎಂಬ ಭಾಷಾನಾಮಗಳ ವಿಚಾರವೇ ಅದರ ವಸ್ತು.

ಕೈಸರರ ವಾದದಲ್ಲಿ ದೋಷವು ಎರಡು ಮೆಟ್ಟಿಲುಗಳಲ್ಲಿದೆ. ಅಭಿಜನದಿಂದ ಬಂದ ಹೆಸರನ್ನು ಅವರು ನಿವಾಸದ ಹೆಸರೆಂದು ಓದಿದರು, ಇದು ಮೊದಲನೆಯದು. ಭಾಷೆಯ ಹೆಸರಿನಿಂದ ಗ್ರಂಥಕರ್ತನ ದೇಶವನ್ನು ಸಾಧಿಸಿದರು. ಇದು ಎರಡನೆಯದು, ಇದು ಹೆಚ್ಚು ಕೆಟ್ಟದ್ದು. ಶೌರಸೇನಿಯೆಂಬ ಪ್ರಾಕೃತಕ್ಕೆ ಶೂರಸೇನದೇಶದಿಂದ ಹೆಸರು ಬಂದಿದೆ. ಅಷ್ಟರಿಂದ ಸಂಸ್ಕೃತನಾಟಕಗಳಲ್ಲಿ ಆ ಪ್ರಾಕೃತದಲ್ಲಿ ಮಾತನಾಡುವ ಪಾತ್ರಗಳನ್ನು ಬರೆದವರೆಲ್ಲ ಮಥುರೆಯವರೆಂದು ಯಾರಾದರೂ ಹೇಳಿಯಾರೆ? ಹಾಗೆ ಹೇಳಿದರೆ ಕಿರಿಯ ತರಗತಿಯ ಹುಡುಗನೂ ನಗುವನು. ಸ್ನೊರ್ರಿಯು ಐಸ್ಲೆಂಡಿನಲ್ಲಿ ೧೧೭೯ರಲ್ಲಿ ಹುಟ್ಟಿ ಐಸ್ಲೆಂಡಿನಲ್ಲಿಯೇ ೧೨೪೧ರಲ್ಲಿ ಹತನಾದವನು. ಅವನನ್ನು ಕೊಲ್ಲಿಸಿದ ಗಿಸ್ಸುರನು ನಾರ್ವೆಯ ರಾಜನ ಕಡೆಯವನು. ಅಂಥವನನ್ನು ನಾರ್ವೆಯ ಲಿಪಿಕಾರನೆಂದು ಎಣಿಸುವುದು ಶಬ್ದದ ಮೇಲೂ ಮನುಷ್ಯನ ಮೇಲೂ ಮಾಡುವ ಅನ್ಯಾಯ. ಎಡ್ಡಾಕಾವ್ಯಗಳ ಮುಖ್ಯವಾದ ಹಸ್ತಪ್ರತಿಯೂ ಸುಮಾರು ೧೨೭೦ರಲ್ಲಿ ಐಸ್ಲೆಂಡಿನಲ್ಲಿ ಬರೆದದ್ದು. ೧೬೬೨ರಲ್ಲಿ ಬಿಷಪ್ ಬ್ರಿನ್ಯೋಲ್ಫುರ್ ಅದನ್ನು ಡೆನ್ಮಾರ್ಕಿನ ರಾಜನಿಗೆ ಕಳುಹಿಸಿದನು. ೧೯೭೧ರಲ್ಲಿ ಅದು ಕೋಪನ್‌ಹೇಗನ್ನಿನಿಂದ ಹಡಗಿನಲ್ಲಿ ಐಸ್ಲೆಂಡಿಗೆ ಮರಳಿತು. ಹೋಗುವಾಗಲೂ ಬರುವಾಗಲೂ ನಾರ್ವೆಯ ಹೆಸರು ಆ ವ್ಯವಹಾರದಲ್ಲಿ ಬರಲಿಲ್ಲ.

ಕೈಸರರ ವಿಷಯದಲ್ಲಿ ಒಂದು ಮಾತನ್ನು ಹೇಳದಿದ್ದರೆ ನಾನೂ ಅನ್ಯಾಯಗಾರನಾಗುವೆನು. ನಾಲ್ಕು ಶತಮಾನಗಳಿಗೂ ಮಿಗಿಲಾಗಿ ತನ್ನ ಭಾಷೆಯಲ್ಲಿ ಬರೆಯದೆ ಇದ್ದ ದೇಶದ ವಿದ್ವಾಂಸರು, ತಮ್ಮ ಹೆಸರು ಹೊತ್ತ ಭಾಷೆಯನ್ನು ಹಳೆಯ ಚರ್ಮಪತ್ರಗಳಲ್ಲಿ ಕಂಡಾಗ ಅದನ್ನು ತಬ್ಬಿಕೊಂಡುದರಲ್ಲಿ ಸೋಜಿಗವೇನಿದೆ? ನಾರ್ವೆಯದೇ ಆದ ಪ್ರಾಚೀನಗ್ರಂಥಗಳೂ ಕಡಿಮೆಯೇನಲ್ಲ. ಸುಮಾರು ೧೨೦೦ರ ಧರ್ಮೋಪದೇಶಗಳ ಸಂಗ್ರಹ, ತಂದೆಯು ಮಗನಿಗೆ ರಾಜನೀತಿಯನ್ನೂ ಸಮುದ್ರದ ವಿಸ್ಮಯಗಳನ್ನೂ ಬೋಧಿಸುವ "ರಾಜದರ್ಪಣ", ೧೨೭೪ರಲ್ಲಿ ಮಾಗ್ನುಸ್ ರಾಜನು ಇಡೀ ದೇಶಕ್ಕೆ ಮಾಡಿದ ಧರ್ಮಶಾಸನ ಇವು ನಿಸ್ಸಂದೇಹವಾಗಿ ನಾರ್ವೆಯವು. ಲಕಾರ ರೇಫಗಳ ಹಿಂದೆ ಶಬ್ದಾದಿಯಲ್ಲಿದ್ದ ಹಕಾರವನ್ನು ನಾರ್ವೆಯವರು ಬಿಟ್ಟರು, ಐಸ್ಲೆಂಡಿನವರು ಉಳಿಸಿಕೊಂಡರು. ಆದಕಾರಣ ಯಾವ ಹಸ್ತಪ್ರತಿ ಯಾವ ಕಡೆಯದೆಂದು ಬಹುಮಟ್ಟಿಗೆ ಅಕ್ಷರದಿಂದಲೇ ಗುರುತಿಸಬಹುದು. ಇಷ್ಟು ಸ್ವಂತ ಆಸ್ತಿಯಿರುವವರು ನೆರೆಯವನ ಹೊಲಕ್ಕೆ ಬೇಲಿ ಹಾಕಬೇಕಾಗಿರಲಿಲ್ಲ.

ಗ್ರುಂಟ್ವಿಗ್ಗರು ಕೈಸರರನ್ನು ಖಂಡಿಸಿದ್ದು ಸರಿ. ಮಂಡಿಸಿದ್ದು ಮಾತ್ರ ಸಾಲದು. ಕಥಾವಸ್ತುವು ಹಲವು ಕಡೆ ಡೇನರಿಗೂ ಸಾಧಾರಣವಾಗಿತ್ತೆಂಬುದು ನಿಜ. ಡೆನ್ಮಾರ್ಕಿನ ಸಾಕ್ಸೋ ಪಂಡಿತನು ಸುಮಾರು ೧೨೦೦ರಲ್ಲಿ ಲ್ಯಾಟಿನ್ನಿನಲ್ಲಿ ಬರೆದ ಡೇನರ ಚರಿತ್ರೆಯಲ್ಲಿ ಅದೇ ವೀರರೂ ದೇವತೆಗಳೂ ಬರುತ್ತಾರೆ. ಆದರೆ ಅದೇ ಸಾಕ್ಸೋ ತನ್ನ ಪೀಠಿಕೆಯಲ್ಲಿ ಐಸ್ಲೆಂಡಿನವರ ಕಥಾಭಂಡಾರವನ್ನು ಹೊಗಳಿ, ಅದರಿಂದ ತಾನು ಬಹಳವಾಗಿ ತೆಗೆದುಕೊಂಡೆನೆಂದು ಋಣವನ್ನು ಒಪ್ಪಿಕೊಂಡಿದ್ದಾನೆ. ಕಥೆಯು ಸಾಧಾರಣವಾದರೆ ಕಾವ್ಯವೂ ಸಾಧಾರಣವೆ? ರಾಮಕಥೆಯು ಎಲ್ಲರದಾದರೂ ಒಂದೊಂದು ರಾಮಾಯಣಕ್ಕೆ ಒಬ್ಬೊಬ್ಬ ಕವಿಯಿದ್ದಾನೆ, ಅವನಿಗೊಂದು ಭಾಷೆಯಿದೆ. ಮೇಲಾಗಿ "ಪ್ರಾಚೀನ ನೋರ್ಡಿಸ್ಕ್" ಎಂಬುದು ಹಳೆಯ ಲಿಪಿಕಾರರು ತಮ್ಮ ನುಡಿಗೆ ಇಟ್ಟುಕೊಂಡ ಹೆಸರಲ್ಲ, ವಿದ್ವಾಂಸರು ಮನೆಯಲ್ಲಿ ಕುಳಿತು ಕಟ್ಟಿದ್ದು. ಬಾಳಿ ಬದುಕಿದ ಹೆಸರನ್ನು ಬಿಟ್ಟು ಕಟ್ಟಿದ ಹೆಸರನ್ನು ಹಿಡಿಯುವುದಕ್ಕೆ ಬಲವಾದ ಕಾರಣ ಬೇಕು. ಗ್ರುಂಟ್ವಿಗ್ಗರ ಕಾರಣದಲ್ಲಿ ಡೆನ್ಮಾರ್ಕಿನ ಪಾಲು ತಪ್ಪಬಾರದೆಂಬ ಆತಂಕವೇ ಹೆಚ್ಚಾಗಿ ಕಾಣುತ್ತದೆ. ಮೌರರರಲ್ಲಿ ನನಗೆ ಮೆಚ್ಚುಗೆಯಾದುದು ಅವರ ಕ್ರಮ. ಅಭಿಮಾನವನ್ನು ಬದಿಗಿರಿಸಿ ಪ್ರಯೋಗಗಳನ್ನು ಕೂಡಿಸಿ ತೂಗಿದವರು ಅವರು. ೧೮೫೮ರಲ್ಲಿ ಐಸ್ಲೆಂಡಿನಲ್ಲಿ ಸಂಚರಿಸಿ ಆ ಜನರನ್ನು ಕಣ್ಣಾರೆ ಕಂಡಿದ್ದರು ಕೂಡ.

ಇತ್ತ ನಾರ್ವೆಯಲ್ಲಿ ಕವಿಗಳೂ ಶಬ್ದವನ್ನು ಎತ್ತಿಕೊಂಡರು. ೧೮೭೨ರ ಬ್ಯೋರ್ನ್‌ಸನ್ನರ ಸಿಗುರ್ಡ್ ಯೋರ್ಸಾಲ್ಫಾರ್ ನಾಟಕದ ಒಂದು ಹಾಡಿನಲ್ಲಿ ಜನರನ್ನು ನೊರ್ರೋನಾಜನವೆಂದು ಕರೆದಿದೆ. ಗ್ರೀಗ್ ಅದಕ್ಕೆ ರಾಗಹಾಕಿದರು. ವೇದಿಕೆಯ ಮೇಲೆ ಚೆನ್ನಾಗಿ ಒಪ್ಪಿತು, ಮಾರುಕಟ್ಟೆಯಲ್ಲಿ ಯಾರೂ ಆಡಲಿಲ್ಲ. ಇದಕ್ಕಿಂತ ದೊಡ್ಡ ಕೆಲಸವನ್ನು ಮಾಡಿದವರು ಈವಾರ್ ಓಸೆನ್. ಅವರು ಹಳ್ಳಿ ಹಳ್ಳಿ ತಿರುಗಿ ರೈತರ ನುಡಿಗಳನ್ನು ಕೂಡಿಸಿ, ೧೮೪೮ರಲ್ಲಿ "ನಾರ್ವೆಯ ಜನಭಾಷೆಯ ವ್ಯಾಕರಣ"ವೆಂದು ಒಂದನ್ನು ಬರೆದು, ೧೮೬೪ರಲ್ಲಿ ಅದನ್ನೇ ಬೆಳೆಸಿ ಬರೆದಾಗ "ಜನಭಾಷೆ" ಎಂಬ ಸಂಕೋಚದ ಮಾತನ್ನು ಕಿತ್ತುಹಾಕಿ "ನೊರ್ಸ್ಕ್ ವ್ಯಾಕರಣ"ವೆಂದೇ ಹೆಸರಿಟ್ಟರು. ಡೇನಿಷಿನ ಮೇಲೆ ಕುಳಿತಿದ್ದ ಹೆಸರನ್ನು ಅವರು ಹೀಗೆ ಬದುಕಿದ ನುಡಿಗೆ ಬಿಡಿಸಿಕೊಟ್ಟರು. ನೊರ್ಸ್ಕ್ ಎಂಬುದಕ್ಕೆ ತನ್ನ ನಿಜವಾದ ಅರ್ಥವು ಮರಳಿ ಬಂದ ಮೇಲೆ, ದೇಶವಾಚಕವಾಗಿ ನೊರ್ರೋನ್‌ಗೆ ಕೆಲಸವೇ ಇಲ್ಲದೆ ಹೋಯಿತು. ಅದು ಹಳೆಯ ಗ್ರಂಥಗಳ ಹೆಸರಾಗಿ ಉಳಿಯಿತು.

ಇನ್ನು ನಮ್ಮ ಬರವಣಿಗೆಯ ಮಾತು. "ನಾರ್ವೆ ದೇಶದ ಪುರಾಣ" ಎಂದು ಬರೆಯುವಾಗ ನಾವು ತಿಳಿಯದೆಯೇ ೧೮೬೬ರ ಕೈಸರರ ಪಕ್ಷವನ್ನು ಹಿಡಿಯುತ್ತೇವೆ. "ನಾರ್ಸ್" ಎಂದು ಬರೆದರೆ ಇಂಗ್ಲಿಷಿನ ಅಸ್ಪಷ್ಟತೆಯನ್ನು ಹಾಗೆಯೇ ಎರವಲು ತರುತ್ತೇವೆ. "ಔದೀಚ್ಯ" ಎಂದು ಸಂಸ್ಕೃತಿಸಿದರೆ ವ್ಯುತ್ಪತ್ತಿಗೆ ಒಪ್ಪೀತು. ಆದರೆ ನಮ್ಮ ಶಾಸ್ತ್ರಗಳಲ್ಲಿ ಆ ಶಬ್ದಕ್ಕೆ ಭರತಖಂಡದ ಬಡಗಣವೆಂಬ ರೂಢಿ ಗಟ್ಟಿಯಾಗಿದೆ, ಗೊಂದಲ ಇಮ್ಮಡಿಸುತ್ತದೆ. ಭಾಷೆಯನ್ನೂ ಅದರಲ್ಲಿ ಹುಟ್ಟಿದ ಪುರಾಣವನ್ನೂ ಹೇಳುವಾಗ ನೊರ್ರೋನಾ ಎಂದೂ, ಒಂದೊಂದು ಗ್ರಂಥವನ್ನು ಹೇಳುವಾಗ ಅದು ಹುಟ್ಟಿದ ನೆಲದಿಂದ ಐಸ್ಲೆಂಡಿನದೆಂದೂ ನಾರ್ವೆಯದೆಂದೂ ಬರೆಯುವುದು ಉಚಿತವೆಂದು ನನ್ನ ಅಲ್ಪಮತಿಗೆ ತೋರುತ್ತದೆ. ಪರಭಾಷೆಯ ಇನ್ನೊಂದು ಶಬ್ದವನ್ನು ಮಕ್ಕಳ ತಲೆಗೆ ಹೊರಿಸುವುದೇಕೆ ಎಂದು ಆಕ್ಷೇಪಿಸುವ ಉಪಾಧ್ಯಾಯಮಿತ್ರರಿಗೆ, "ಎರಡೂ ಒಂದೇ" ಎಂದು ಹೇಳಿ ನಾನು ಕುಳ್ಳಿರಿಸಿದ ಆ ಹುಡುಗನನ್ನು ತೋರಿಸುತ್ತೇನೆ.

ಕೋಪನ್‌ಹೇಗನ್ನಿನ ವಿದ್ವಾಂಸರು ಈ ಭಾಷೆಯ ಗದ್ಯಗ್ರಂಥಗಳಿಗಾಗಿ ೧೯೩೯ರಲ್ಲಿ ಒಂದು ಮಹಾನಿಘಂಟನ್ನು ಕೈಗೊಂಡರು. ಅದರ ಸೂಚೀಸಂಪುಟವು ೧೯೮೯ರಲ್ಲಿಯೂ ಮೊದಲ ಸಂಪುಟವು ೧೯೯೫ರಲ್ಲಿಯೂ ಹೊರಬಂದವು. ಡೆನ್ಮಾರ್ಕಿನ ರಾಜಧಾನಿಯಲ್ಲಿ, ಗ್ರುಂಟ್ವಿಗ್ಗರು ಬರೆದ ಡೇನಿಷ್ ಭಾಷೆಯಲ್ಲಿಯೇ, ಆ ನಿಘಂಟಿನ ಮುಖಪತ್ರದ ಮೇಲೆ ಭಾಷೆಯ ಹೆಸರನ್ನು ನೊರ್ರೋನ್ ಎಂದು ಅಚ್ಚುಹಾಕಿದೆ.